ಹಾಟ್ ಬಾಕ್ಸಿನಲ್ಲಿ ಬೀಗದ ಕೈ

ಇಷ್ಟಕ್ಕೆಲ್ಲ ಮೂಲ ಎರಡು ಹಾಟ್ ಬಾಕ್ಸ್. ಮರೂನ್ ಬಣ್ಣದವು, ಮುಚ್ಚಳದ ಮೇಲೆ ಸೂರ್ಯಕಾಂತಿ ಹೂ. ಅವಳಿಜವಳಿ ಮಕ್ಕಳಾದರೂ ಹೆತ್ತವರಿಗೆ ಗುರುತು ಸಿಗುತ್ತಾರೆ, ಇವು ಸಿಗುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಮಧುಗಿರಿ ಬಸ್ ನಿಲ್ದಾಣದ ಕಂಟ್ರೋಲರ್ ಭೀಮರಾಜು ಸ್ಕೂಟರಿಗೆ ಪೆಟ್ರೋಲ್ ಹಾಕಿಸುವಾಗ ಬಂಕಿನಲ್ಲಿ ಒಂದು ಕೂಪನ್ ಮೇಲೆ ಹೆಸರು, ನಂಬರ್ ಬರೆದು ಡಬ್ಬಕ್ಕೆ ಹಾಕಿದ್ದ. ವಾರದೊಳಗೆ ಫೋನ್ ಬಂತು. "ಸಾರ್, ನಿಮಗೆ ಬಹುಮಾನ ಬಂದಿದೆ. ದಂಪತಿ ಸಮೇತ ತುಮಕೂರಿನ ಹೋಟೆಲಿಗೆ ಬಂದು ತಗೊಂಡು ಹೋಗಿ. ಊಟ ಫ್ರೀ."

ದಂಪತಿ ಸಮೇತ ಹೋದರು. ಟೈ ಕಟ್ಟಿದವನೊಬ್ಬ ಎಸಿ ಹಾಲಿನಲ್ಲಿ ಕೂರಿಸಿಕೊಂಡು ನಾಲ್ಕು ಗಂಟೆ ಮಾತಾಡಿದ. ಪರದೆಯ ಮೇಲೆ ಸಮುದ್ರ ಬಂತು, ಮಂಜು ಬಂತು, ಈಜುಕೊಳ ಬಂತು. ಊಟ ಮಾತ್ರ ಬರಲಿಲ್ಲ. ಆಗ ಪರದೆಯ ಮೇಲೆ ಒಬ್ಬ ಹೆಂಗಸು ಕಾಣಿಸಿದಳು. ಉದ್ದನೆಯ ಕುರ್ಚಿಯ ಮೇಲೆ ಕಾಲು ಚಾಚಿ ಮಲಗಿ, ಕೈಯಲ್ಲಿ ಜ್ಯೂಸ್ ಹಿಡಿದು, ಆಕಾಶ ನೋಡುತ್ತಿದ್ದಳು.

"ಆಯಮ್ಮಂಗೆ ಮಾಡಾಕೆ ಏನೂ ಕೆಲ್ಸ ಇಲ್ವೇನ್ರೀ?" ಎಂದಳು ಭೀಮರಾಜುವಿನ ಹೆಂಡತಿ ಗಂಗಾಂಬಿಕಾ.

ಅವಳ ದನಿಯಲ್ಲಿ ಅಣಕವಿರಲಿಲ್ಲ, ಆಸೆಯಿತ್ತು. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಅವಳು ಊರು ಬಿಟ್ಟು ಹೋಗಿದ್ದೆಲ್ಲ ನೆಂಟರ ಮನೆಯ ಮದುವೆಗೆ, ನಾಮಕರಣಕ್ಕೆ, ತಿಥಿಗೆ. ಹೋದ ಅರ್ಧ ಗಂಟೆಯಲ್ಲಿ ಯಾರಾದರೂ "ಗಂಗಾ, ಮುದ್ದೆ ಹಿಟ್ಟು ನೀನು ತೊಳಸಿದ್ರೇ ಚೆಂದ ಕಣಮ್ಮ" ಎನ್ನುತ್ತಿದ್ದರು. ಅಲ್ಲಿಗೆ ಅವಳು ಒಲೆ ಮುಂದೆ. ಇವಳು ಒಂದೇ ಒಂದು ದಿನ ಒಲೆ ಮುಂದೆ ನಿಲ್ಲದೆ, ಬೇರೆ ಯಾರೋ ತಟ್ಟೆಗೆ ಹಾಕಿಕೊಟ್ಟಿದ್ದನ್ನು ಕೂತು ತಿನ್ನಬೇಕು ಎಂದುಕೊಂಡ ಭೀಮರಾಜು ಸಹಿ ಹಾಕಿಬಿಟ್ಟ. ಸಂಜೆ ಹೊರಬಂದಾಗ ಅವನ ಒಂದು ಕೈಯಲ್ಲಿ ಜೋಡಿ ಹಾಟ್ ಬಾಕ್ಸ್, ಇನ್ನೊಂದರಲ್ಲಿ ತಂಗಾಳಿ ಹಾಲಿಡೇ ಕ್ಲಬ್ಬಿನ ಇಪ್ಪತ್ತೈದು ವರ್ಷದ ಮೆಂಬರ್‌ಶಿಪ್. ವರ್ಷಕ್ಕೆ ಏಳು ದಿನ ಕ್ಲಬ್ಬಿನ ಯಾವ ರೆಸಾರ್ಟಿನಲ್ಲಾದರೂ ಹೋಗಿ ಇರಬಹುದು.

ಇರಬಹುದು ಎಂದರೆ, ರೂಮ್ ಸಿಕ್ಕರೆ. ಬೇಸಿಗೆಯಲ್ಲಿ ಕೇಳಿದರೆ ಬೇಸಿಗೆ ಫುಲ್, ದಸರಾದಲ್ಲಿ ಕೇಳಿದರೆ ದಸರಾ ಫುಲ್. ಯಾರಿಗೂ ಬೇಡದ ಆಷಾಢದಲ್ಲಿ ಕೇಳಿದರೂ "ಸಾರಿ ಸಾರ್, ಗೋಲ್ಡ್ ಮೆಂಬರ್ಸ್ ಮೊದಲೇ ಬುಕ್ ಮಾಡಿಬಿಟ್ಟಿದಾರೆ" ಎಂದು ಜೇನಿನಂಥ ದನಿ. ಮೂರು ವರ್ಷದಲ್ಲಿ ಮೆಂಬರ್‌ಶಿಪ್ಪಿನಿಂದ ಆದ ಲಾಭವೆಂದರೆ ಮುದ್ದೆ ಬಿಸಿಯಾಗಿರುತ್ತಿದ್ದುದು ಒಂದೇ.

ಈ ಗಾಯಕ್ಕೆ ಉಪ್ಪು ಸವರಲು ಇದ್ದವನು ಷಡ್ಡಕ ಪ್ರಭುದೇವ್. ಗಂಗಾಂಬಿಕಾಳ ತಂಗಿ ಯಶಸ್ವಿನಿಯ ಗಂಡ, ಸಿರಾದಲ್ಲಿ ಹಾರ್ಡ್‌ವೇರ್ ಅಂಗಡಿ, ಹೊಟ್ಟೆಯೂ ವ್ಯಾಪಾರದಷ್ಟೇ ಬೆಳೆದಿತ್ತು. ಭೀಮರಾಜು ಮೆಂಬರಾದ ವರ್ಷವೇ ಅವನು ಕೊಳಾಲದ ಹತ್ತಿರ ಗುಡ್ಡದ ಬುಡದಲ್ಲಿ ಜಾಗ ಕೊಂಡು ರಜೆಗೆಂದೇ ಒಂದು ಮನೆ ಕಟ್ಟಿಸಿ "ನೆಮ್ಮದಿ" ಎಂದು ಹೆಸರಿಟ್ಟ. ಷಡ್ಡಕರಿಬ್ಬರೂ ಎಲ್ಲಿ ಸೇರಿದರೂ ಅದೇ ಮಾತು.

"ಅಣ್ಣಾ, ಕಂಡೋರ ಹಾಸಿಗೆ ಕಂಡೋರ ಹಾಸಿಗೇನೇ. ನಮ್ದು ಅಂತ ನಾಕು ಗೋಡೆ ಇರ್ಬೇಕು" ಎನ್ನುತ್ತಿದ್ದ ಪ್ರಭುದೇವ್.

"ಗೋಡೆ ಇದ್ರೆ ಸುಣ್ಣ ಹೊಡೀಬೇಕು, ಸೂರಿದ್ರೆ ಸೋರ್ತದೆ, ಬಾಗ್ಲಿದ್ರೆ ಗೆದ್ಲು ಹತ್ತುತ್ತೆ. ನಂದು ಅಂಗಲ್ಲಪ್ಪ. ಹೋಗು, ಮಲಗು, ಬಾ. ಟವೆಲ್ ಕೂಡ ಅವ್ರೇ ಕೊಡ್ತಾರೆ."

"ಟವೆಲ್ ಅವ್ರೇ ಕೊಡ್ತಾರಾ? ದಿನಾ ಬದಲಾಯಿಸ್ತಾರಾ?" ಎಂದು ಪ್ರಭುದೇವ್ ಒಮ್ಮೆ ಆಸಕ್ತಿಯಿಂದ ಕೇಳಿದ್ದ. ಅವನು ಅಣಕಿಸುತ್ತಿದ್ದಾನೆಂದು ಭೀಮರಾಜು ಉತ್ತರ ಕೊಟ್ಟಿರಲಿಲ್ಲ.

"ನೆಮ್ಮದಿ"ಗೂ ಒಂದು ತಾಪತ್ರಯವಿತ್ತು. ಅದರ ಹೆಸರು ಪಟಾಲಮ್ಮ. ಐ.ಡಿ.ಹಳ್ಳಿಯಲ್ಲಿದ್ದ ಅತ್ತೆ, ಗಂಗಾಂಬಿಕಾಳ ತಾಯಿ. ಗೃಹಪ್ರವೇಶದ ದಿನವೇ ಆಕೆ ತೀರ್ಪು ಕೊಟ್ಟುಬಿಟ್ಟಳು: "ಹಾಲುಕ್ಕಿಸಿದ ಮನೆ ಸಂಜೆ ಕತ್ಲಲ್ಲಿ ಇರಂಗಿಲ್ಲ. ಉಳಿದ ದಿನ ಪಕ್ಕದ ಹೊಲದ ಶಂಕರಲಿಂಗಪ್ಪ ಜಗಲಿ ಮೇಲೆ ಒಂದು ದೀಪ ಇಟ್ರೆ ಸಾಕು. ಶನಿವಾರ ಮನೆದೇವ್ರ ವಾರ. ಅವತ್ತು ಒಳಗಿನ ದೀಪ ಮನೆಯೋರೇ ಹಚ್ಚಬೇಕು." ಶನಿವಾರ ಅಂಗಡಿಯಲ್ಲಿ ಗೋಡೌನ್ ಲೆಕ್ಕ ಇರುತ್ತದೆಂದು ಪ್ರಭುದೇವ್ ಕೈ ಮುಗಿದ. ಕೊನೆಗೆ ನೆಂಟರಲ್ಲಿ ಪಾಳಿಯಾಯಿತು. ತಿಂಗಳ ಎರಡನೇ ಶನಿವಾರ ಭೀಮರಾಜು ದಂಪತಿಯದು.

ಇದೀಗ ಅಂಥದೇ ಎರಡನೇ ಶನಿವಾರ. ಬೆಳಿಗ್ಗೆ ಒಂಬತ್ತೂವರೆ. ಭೀಮರಾಜು ಕಿಟಕಿಯ ಹಿಂದೆ ಕೂತು ಮೈಕಿನಲ್ಲಿ "ಪಾವಗಡ ಹೋಗುವ ಪ್ರಯಾಣಿಕರು..." ಎಂದು ಶುರು ಮಾಡಿದ್ದ. ಫೋನ್ ಬಂತು. ಜೇನಿನಂಥ ದನಿ.

"ಸಾರ್, ಗೌರಿಬಿದನೂರು ದಾಟಿ ನಮ್ಮ ಹೊಸ ರೆಸಾರ್ಟಿದೆ. ಇವತ್ತು ಒಂದು ರೂಮ್ ಕ್ಯಾನ್ಸಲ್ ಆಗಿದೆ. ಮೂರು ಗಂಟೆ ಒಳಗೆ ಬಂದರೆ ನಿಮ್ಮದು. ಇಲ್ಲ ಅಂದ್ರೆ ಈ ವರ್ಷದ ನಿಮ್ಮ ಏಳು ದಿನ ನಾಳೆಗೆ ಮುಗಿದುಹೋಗುತ್ತೆ."

"ಬಂದ್ಬುಟ್ಟೆ!" ಎಂದು ಕೂಗಿದ ಭೀಮರಾಜು. ಮೈಕ್ ಆಫ್ ಮಾಡಿರಲಿಲ್ಲ. ಪಾವಗಡಕ್ಕೆ ಹೊರಟಿದ್ದವರು ಗಾಬರಿಯಾಗಿ ಸುತ್ತ ನೋಡಿದರು.

ಸಹೋದ್ಯೋಗಿಗೆ ಡ್ಯೂಟಿ ಒಪ್ಪಿಸಿ ಮನೆಗೆ ಓಡುವಾಗ ದಾರಿಯಲ್ಲಿ ದೀಪ ನೆನಪಾಯಿತು. ಕೊಳಾಲ ಈ ದಿಕ್ಕಿಗೆ, ರೆಸಾರ್ಟು ಆ ದಿಕ್ಕಿಗೆ. ಪಾಳಿ ಬದಲಾಯಿಸೋಣವೆಂದು ನೆಂಟರನ್ನು ಕೇಳಿದರೆ ಅತ್ತೆಗೆ ತಿಳಿಯುತ್ತದೆ. ಭೀಮರಾಜು ಯೋಚಿಸಿದ. ಬೀಗದ ಕೈ ಶಂಕರಲಿಂಗಪ್ಪನಿಗೆ ತಲುಪಿಸಿಬಿಟ್ಟರೆ? ಒಂದು ಶನಿವಾರ ಒಳಗಿನ ದೀಪವನ್ನೂ ಅವನೇ ಹಚ್ಚುತ್ತಾನೆ. ದೇವರಿಗೆ ತಿಳಿದರೂ ದೇವರು ಐ.ಡಿ.ಹಳ್ಳಿಗೆ ಫೋನ್ ಮಾಡುವುದಿಲ್ಲ.

ಕೊಳಾಲಕ್ಕೆ ಹೋಗುವ ಪ್ರೈವೇಟ್ ಬಸ್ಸಿನ ಕಂಡಕ್ಟರ್ ಯುವರಾಜ್ ಬೇಕಾದವನು. ಸರ್ಕಾರಿ ಬಸ್ಸಿನಲ್ಲಿ ಪಾರ್ಸೆಲ್ಲಿಗೆ ರಸೀದಿ ಬೇಕು, ಪ್ರೈವೇಟ್ ಬಸ್ಸಿಗೆ ಮಾತು ಸಾಕು. ಔಷಧಿ, ಮಗುವಿನ ಜಾತಕ, ಮರೆತ ಕನ್ನಡಕ ಎಲ್ಲವೂ ಹಾಗೇ ಓಡಾಡುತ್ತಿದ್ದವು. ಆದರೆ ಹಿಂದೊಮ್ಮೆ ಇದೇ ಬೀಗದ ಕೈಯನ್ನು ಕಾಗದದಲ್ಲಿ ಸುತ್ತಿ ಕೊಟ್ಟಿದ್ದಾಗ ಅದು ಯುವರಾಜನ ಅಂಗಿಯ ಜೇಬಿನಲ್ಲಿ ಉಳಿದು, ಅಂಗಿಯ ಜೊತೆ ಒಗೆಸಿಕೊಂಡು, ನಾಲ್ಕು ದಿನದ ಮೇಲೆ ಬಿಳಿಚಿಕೊಂಡು ವಾಪಸ್ ಬಂದಿತ್ತು. ಈ ಸಲ ಭೀಮರಾಜು ಬುದ್ಧಿ ಉಪಯೋಗಿಸಿದ. ಬೀಗದ ಕೈ, ಎಣ್ಣೆ ಬಾಟಲಿ, ಬತ್ತಿ, ಕರ್ಪೂರ, ಕುಂಕುಮ, ಹೊಸ್ತಿಲಿಗೊಂದು ನಿಂಬೆಹಣ್ಣು ಎಲ್ಲವನ್ನೂ ಒಂದು ಹಾಟ್ ಬಾಕ್ಸಿನಲ್ಲಿಟ್ಟು ಮುಚ್ಚಿದ. ಹಾಟ್ ಬಾಕ್ಸ್ ಎಂದರೆ ಊಟ, ಊಟವನ್ನು ಯಾವ ಕಂಡಕ್ಟರೂ ಮರೆಯುವುದಿಲ್ಲ.

ಅಷ್ಟರಲ್ಲಿ ಗಂಗಾಂಬಿಕಾ ಇನ್ನೊಂದು ಹಾಟ್ ಬಾಕ್ಸಿಗೆ ಎರಡು ಮುದ್ದೆ, ಒಂದು ಡಬ್ಬಿ ಹುರುಳಿಕಾಳು ಸಾರು ಇಟ್ಟು ಮುಚ್ಚಿಯಾಗಿತ್ತು.

"ಯಾಕೇ? ಅಲ್ಲಿ ಎಲ್ಲಾ ಅವ್ರೇ ಕೊಡ್ತಾರೆ."

"ಮಾಡಿದ್ದನ್ನ ಏನ್ ಮಾಡ್ಲಿ? ಇದ್ದಕ್ಕಿದ್ದಂಗೆ ಬಂದು ಹೊರಡು ಅಂದ್ರೆ? ಅದ್ಸರಿ, ಇವತ್ತು ದೀಪ..."

"ಎಲ್ಲಾ ವ್ಯವಸ್ಥೆ ಮಾಡಿದೀನಿ. ನೀನು ಸೀರೆ ಉಟ್ಕೊ."

ಸೀರೆ ಉಡುವುದರೊಳಗೆ ಬೀದಿಗೆ ಸುದ್ದಿ ಹೋಯಿತು. ಎದುರುಮನೆಯ ಚಿಕ್ಕಲಕ್ಷ್ಮಮ್ಮ ಸೆರಗಿಗೆ ಕೈ ಒರೆಸುತ್ತ ಬಂದಳು. ಹಿಂದೆ ಇನ್ನೂ ಮೂವರು.

"ರೆಸಾಲ್ಟಿಗೆ ಹೊಂಟ್ರಂತಲ್ಲಾ? ಸೋಪು ಚಿಕ್ಕುಚಿಕ್ಕುದು ಕೊಡ್ತಾರಂತೆ ಕಣಮ್ಮ, ಬುಟ್ಟು ಬರ್ಬೇಡ. ನಂಗೊಂದೆರಡು ತತ್ತಾ."

"ನೀರಿಗೆ ಇಳೀಬ್ಯಾಡ್ರಿ, ಔಷ್ದಿ ಹಾಕಿರ್ತಾರೆ" ಎಂದಳು ಇನ್ನೊಬ್ಬಳು.

"ಅಲ್ಲಾ ಭೀಮರಾಜಣ್ಣ, ಇವತ್ತು ಎರಡನೇ ಶನಿವಾರ ಅಲ್ವಾ? ನೆಮ್ಮದಿ ಮನೆ ದೀಪ ನಿಮ್ದೇ ಅಲ್ವಾ?" ಚಿಕ್ಕಲಕ್ಷ್ಮಮ್ಮನ ಕಣ್ಣು ಸಣ್ಣಗಾದವು. ಆಕೆ ಅತ್ತೆಯ ಬಾಲ್ಯದ ಗೆಳತಿ. ಮಧುಗಿರಿಯಲ್ಲಿ ಎಲೆ ಅಲ್ಲಾಡಿದರೂ ಐ.ಡಿ.ಹಳ್ಳಿಗೆ ಸಂಜೆಯೊಳಗೆ ಗಾಳಿ ಬೀಸುತ್ತಿತ್ತು.

"ದೀಪ ಹತ್ತುತ್ತೆ ಚಿಕ್ಕಮ್ಮ, ಎಲ್ಲಾ ವ್ಯವಸ್ಥೆ ಆಗ್ಯದೆ" ಎಂದ ಭೀಮರಾಜು ಬೆವರು ಒರೆಸಿಕೊಳ್ಳುತ್ತ.

ಆ ನಾಲ್ವರಿಂದ ತಪ್ಪಿಸಿಕೊಳ್ಳುವ ಆತುರದಲ್ಲಿ ಅವನು ಚೀಲ, ಹೆಂಡತಿ, ಹಾಟ್ ಬಾಕ್ಸ್ ಎರಡನ್ನೂ ಆಟೋಗೆ ತುಂಬಿದ. ನಿಲ್ದಾಣದ ಹೊರಗೆ ಕೊಳಾಲದ ಬಸ್ ಆಗಲೇ ಹೊರಳುತ್ತಿತ್ತು. ಭೀಮರಾಜು ಆಟೋದಿಂದ ಹಾರಿ ಒಂದು ಹಾಟ್ ಬಾಕ್ಸನ್ನು ಯುವರಾಜನ ಕೈಗೆ ತುರುಕಿ "ಶಂಕರಲಿಂಗಪ್ಪ, ಗುಡ್ಡದ ಸ್ಟಾಪು! ನಾನು ಫೋನ್ ಮಾಡ್ತೀನಿ!" ಎಂದು ಕೂಗಿದ. ಬಸ್ ಹೊರಟಿತು. ಆಮೇಲೆ ಶಂಕರಲಿಂಗಪ್ಪನಿಗೆ ಫೋನ್ ಮಾಡಿ "ಒಂದು ಹಾಟ್ ಬಾಕ್ಸ್ ಕಳಿಸಿದೀನಿ, ಒಳಗಿರೋದನ್ನ ನೋಡಿದ್ರೆ ನಿಮಗೇ ಗೊತ್ತಾಗುತ್ತೆ, ಏನ್ ಮಾಡ್ಬೇಕು ಅಂತ" ಎಂದ. ಪಕ್ಕದಲ್ಲಿ ಗಂಗಾಂಬಿಕಾ ಇದ್ದಳಲ್ಲ, ದೀಪ ಹೊರಗಿನವರ ಕೈಗೆ ಹೋಯಿತೆಂದು ತಿಳಿದರೆ ಹೊರಡುತ್ತಲೇ ಇರಲಿಲ್ಲ, ಬಿಡಿಸಿ ಹೇಳುವಂತಿರಲಿಲ್ಲ.

ಕೊಡಿಗೇನಹಳ್ಳಿ, ಗೌರಿಬಿದನೂರು ದಾಟಿ ರೆಸಾರ್ಟಿನ ಗೇಟಿಗೆ ಬಂದಾಗ ಎರಡೂವರೆ. ಬೋಗನ್ವಿಲ್ಲಾ ಬಳ್ಳಿ, ಹುಲ್ಲುಹಾಸು, ನೀಲಿ ಈಜುಕೊಳ, ಪಕ್ಕದಲ್ಲಿ ಉದ್ದನೆಯ ಕುರ್ಚಿಗಳು. ಪರದೆಯ ಮೇಲೆ ಕಂಡಿದ್ದೇ. ಗಂಗಾಂಬಿಕಾ ಚಪ್ಪಲಿ ಹುಲ್ಲಿನ ಹೊರಗೆ ಬಿಟ್ಟಳು.

"ಸಾರ್, ಹೊರಗಿನ ಊಟ ಒಳಗೆ ಬಿಡಲ್ಲ" ಎಂದ ಗಾರ್ಡ್, ಹಾಟ್ ಬಾಕ್ಸ್ ನೋಡಿ.

"ಎರಡು ಮುದ್ದೆ ಕಣಪ್ಪ. ಬೇಕಾದ್ರೆ ನೀನೇ ತಿನ್ನು" ಎಂದು ಭೀಮರಾಜು ಧಾರಾಳವಾಗಿ ಮುಚ್ಚಳ ತೆಗೆದುಕೊಟ್ಟ.

ಗಾರ್ಡ್ ಬಗ್ಗಿ ನೋಡಿದ. ಕುಂಕುಮ. ಕರ್ಪೂರ. ನಿಂಬೆಹಣ್ಣು. ಎಣ್ಣೆ. ಒಂದು ದೊಡ್ಡ ಬೀಗದ ಕೈ. ಅವನು ಎರಡು ಹೆಜ್ಜೆ ಹಿಂದೆ ಸರಿದು "ಸಾರ್, ಇದೇನ್ ಸಾರ್... ಮಾಟಾನಾ?" ಎಂದ.

ಭೀಮರಾಜು ಆ ಡಬ್ಬದೊಳಗೆ ನೋಡಿದ ಪರಿ ಕಂಡಿದ್ದರೆ ಮಾಟ ಅವನ ಮೇಲೇ ಆಗಿದೆ ಎಂದು ಯಾರಾದರೂ ಹೇಳುತ್ತಿದ್ದರು. ಅದೇ ಹೊತ್ತಿಗೆ ಫೋನ್ ಬಡಿದುಕೊಂಡಿತು. ಶಂಕರಲಿಂಗಪ್ಪ.

"ಕಂಟ್ರೋಲರ್ ಸಾಹೇಬ್ರೇ! ಬಂತು ಸ್ವಾಮಿ, ಬಿಸಿಬಿಸಿ ಬಂತು! ನನ್ ಹೆಂಡ್ತಿ ಮಗಳ ಮನೆಗೋಗಿ ಎಂಟು ದಿನ, ಎಂಟು ದಿನದಿಂದ ಬರೀ ಅವಲಕ್ಕಿ. ನಿಮಗೆ ಹೆಂಗ್ ಗೊತ್ತಾಯ್ತು? ನೋಡಿದ್ ಕೂಡ್ಲೇ ಗೊತ್ತಾಯ್ತು ಬುಡಿ, ಏನ್ ಮಾಡ್ಬೇಕು ಅಂತ. ಎರಡೂ ಮುದ್ದೆ ಉಂಡ್ಬುಟ್ಟೆ. ಹುರುಳಿಕಾಳು ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ, ಆಹಾ!"

ಗಂಗಾಂಬಿಕಾ ಗಂಡನ ಮುಖ ನೋಡಿದಳು, ಡಬ್ಬ ನೋಡಿದಳು, ಎಲ್ಲ ಅರ್ಥ ಮಾಡಿಕೊಂಡಳು. "ಇದೇನಾ ನಿಮ್ ವ್ಯವಸ್ಥೆ? ಅವ್ವಂಗೆ ಗೊತ್ತಾದ್ರೆ ಹುಣಸೆ ಬರ್ಲು ತಗಂತಾಳೆ. ನಡೀರಿ, ಹೋಗಾನ."

ಭೀಮರಾಜು ಪ್ರಭುದೇವನಿಗೆ ಫೋನ್ ಮಾಡಿದ. ಅವನ ಹತ್ತಿರ ಇನ್ನೊಂದು ಬೀಗದ ಕೈ ಇತ್ತು. ಸ್ವಿಚ್ ಆಫ್. ಶನಿವಾರ ಅವನ ಫೋನ್ ಯಾವಾಗಲೂ ಸ್ವಿಚ್ ಆಫ್. ಗೋಡೌನಿನಲ್ಲಿ ಸಿಗ್ನಲ್ ಇಲ್ಲ ಎನ್ನುತ್ತಿದ್ದ.

"ನಡೀರಿ ಅಂದ್ರೆ" ಎಂದು ಗಂಗಾಂಬಿಕಾ ಹುಲ್ಲಿನಾಚೆ ಬಿಟ್ಟಿದ್ದ ಚಪ್ಪಲಿ ಹಾಕಿಕೊಳ್ಳತೊಡಗಿದಳು. ಹಾಕಿಕೊಳ್ಳುವಾಗ ಒಂದು ಸಲ, ಒಂದೇ ಸಲ, ಆ ಉದ್ದನೆಯ ಕುರ್ಚಿಯ ಕಡೆ ನೋಡಿದಳು. ಅದನ್ನು ಭೀಮರಾಜು ನೋಡಿಬಿಟ್ಟ.

"ನೀನು ಬರಕೂಡ್ದು. ನಾನೊಬ್ನೇ ಹೋಗ್ತೀನಿ."

"ನಾನೊಬ್ಳೇ ಇಲ್ಲಿ ಏನ್ ಮಾಡ್ಲಿ?"

"ಏನೂ ಮಾಡ್ಬೇಡ. ಅದಕ್ಕೇ ಬಂದಿರಾದು. ಊಟ ಕೊಟ್ರೆ ತಿನ್ನು, ಟವೆಲ್ ಕೊಟ್ರೆ ತಗೊ, ಆ ಕುರ್ಚಿ ಮೇಲೆ ಕಾಲು ಚಾಚ್ಕಂಡು ಕೂತ್ಕೊ. ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಬಂದ್ಬುಡ್ತೀನಿ."

ಅವಳ ಕಣ್ಣು ತುಂಬಿದವು. ಗಾರ್ಡ್ ಮರ್ಯಾದೆಯಿಂದ ಬೇರೆ ಕಡೆ ತಿರುಗಿಕೊಂಡ.

ಅವಳನ್ನು ಕುರ್ಚಿಯವರೆಗೆ ಬಿಟ್ಟು ಬರುವಾಗ ಭೀಮರಾಜು ಕೊಳದ ಪಕ್ಕ ಹಾದ. ನೀರಿನಲ್ಲಿ ಒಬ್ಬ ಭಾರಿ ಆಸಾಮಿ ಮುಖದ ಮೇಲೆ ಹುಲ್ಲಿನ ಟೋಪಿ ಮುಚ್ಚಿಕೊಂಡು ಎಮ್ಮೆಯ ಹಾಗೆ ತೇಲುತ್ತಿದ್ದ. ಟೋಪಿ ಸರಿಸಿ ಇತ್ತ ನೋಡಿದ್ದೇ ಬುಳುಕ್ಕನೆ ಮುಳುಗಿದ. ಭೀಮರಾಜು ಕೊಳ ದಾಟಿ ಗೇಟು ಮುಟ್ಟುವವರೆಗೂ ಮೇಲೇಳಲಿಲ್ಲ. ಬರೀ ಗುಳ್ಳೆ ಬರುತ್ತಿತ್ತು. ದುಡ್ಡಿದ್ದವರ ದಮ್ಮೇ ಬೇರೆ ಎಂದುಕೊಂಡು ಅವನು ಬಸ್ಸಿಗೆ ಓಡಿದ.

ದಿನವಿಡೀ ಬೇರೆಯವರನ್ನು ಬಸ್ಸು ಹತ್ತಿಸುವವನು ಆ ಸಂಜೆ ಹಾಟ್ ಬಾಕ್ಸನ್ನು ಎದೆಗವಚಿಕೊಂಡು ನಾಲ್ಕು ಬಸ್ಸು ಹತ್ತಿ ಇಳಿದ. ಎಲ್ಲ ಕಂಡಕ್ಟರುಗಳಿಗೂ ಪರಿಚಯ. "ಏನ್ಸಾರ್, ಬೆಳಿಗ್ಗೆ ಜೋಡೀಲಿ ಹೋದ್ರಿ, ಒಬ್ರೇ ಬಂದ್ರಿ? ಜಗಳಾನಾ?" ಎಂದ ಒಬ್ಬ. "ಊಟದ ಡಬ್ಬಿ ಬೇರೆ ಕಟ್ಕಂಡಿದಾರೆ, ಮೇಡಮ್ಮೋರು ಮನೇಗೇ ಕಳ್ಸಿರ್ಬೇಕು" ಎಂದ ಇನ್ನೊಬ್ಬ. ಕೊಡಿಗೇನಹಳ್ಳಿಯಲ್ಲಿ ಬಸ್ ನಿಂತುಬಿಟ್ಟಿತು. ಯಾರದೋ ಕುರಿಮಂದೆ, ಅವಸರವಿಲ್ಲದ್ದು. ಮಧುಗಿರಿಯಲ್ಲಿ ಚಿಕ್ಕಲಕ್ಷ್ಮಮ್ಮ ತರಕಾರಿ ಚೀಲ ಹಿಡಿದು ನಿಲ್ದಾಣದಲ್ಲೇ ಇದ್ದಳು. ಭೀಮರಾಜು ಹಾಟ್ ಬಾಕ್ಸನ್ನು ಮುಖಕ್ಕೆ ಅಡ್ಡ ಹಿಡಿದು ಕೊಳಾಲದ ಬಸ್ಸಿಗೆ ಹಾರಿದ.

"ಸಾರ್! ಡಬ್ಬಿ ಸರಿಯಾಗಿ ತಲುಪಿಸ್ದೆ ಸಾರ್" ಎಂದು ಯುವರಾಜ್ ಹಲ್ಲು ಕಿರಿದ. "ಘಮ್ ಅಂತಿತ್ತು. ಇನ್ನೊಂದು ತತ್ತಿದೀರಾ? ಆ ಯಜಮಾನ್ರು ಪುಣ್ಯವಂತ್ರು ಬುಡಿ."

ಗುಡ್ಡದ ಸ್ಟಾಪಿನಲ್ಲಿ ಇಳಿದಾಗ ಸೂರ್ಯ ಮುಳುಗಿ ಪಡುವಣ ಕೆಂಪಗಿತ್ತು. ಭೀಮರಾಜು ಹೊಲದ ಬದುವಿನ ಮೇಲೆ ಓಡಿದ, ಒಂದು ಕಡೆ ಬಿದ್ದ, ಎದ್ದ. ಬೀಗ ತೆಗೆದು, ಕಾಲು ತೊಳೆದು, ಒಳಗಿನ ದೀಪಕ್ಕೆ ಎಣ್ಣೆ ಬಿಟ್ಟು ಬತ್ತಿ ಹಚ್ಚಿದ. ದೀಪ ಎರಡು ಸಲ ತಡಬಡಾಯಿಸಿ ನೆಟ್ಟಗೆ ನಿಂತಿತು. ಹೊರಗೆ ಕತ್ತಲು ಇಳಿಯುತ್ತಿತ್ತು, ಒಳಗೆ ಮನೆ ಬೆಳಗಿತು. ಅವನು ಗೋಡೆಗೊರಗಿ ಕೂತ. ಹೊಟ್ಟೆ ಬೆಳಗಿನಿಂದ ಖಾಲಿಯಿತ್ತು, ಆದರೂ ಮನಸ್ಸು ತುಂಬಿತ್ತು. ಅತ್ತೆಯ ಮಾತೂ ಉಳಿಯಿತು, ಗಂಗಾಳ ಕುರ್ಚಿಯೂ ಉಳಿಯಿತು.

ಗಂಗಾಂಬಿಕಾ ಫೋನ್ ಮಾಡಿದಳು. ದನಿಯಲ್ಲಿ ನಗು ತುಳುಕುತ್ತಿತ್ತು.

"ದೀಪ ಹತ್ತಿತಾ? ಸದ್ಯ. ರೀ, ಇಲ್ಲಿ ಯಾರವ್ರೆ ಹೇಳಿ ನೋಡಾನ?"

"ಯಾರು?"

"ನಮ್ ಯಶಸ್ವಿನಿ! ನಿಮ್ ಷಡ್ಡಕ್ರೂ ಅವ್ರೆ. ನೀವು ಹೋದ್ಮೇಲೆ ಕೊಳದಿಂದ ಎದ್ದು ಬಂದ್ರು. ಪಾಪ, ಉಸಿರು ಕಟ್ಟಿ ಮುಖ ಎಲ್ಲಾ ಬದನೆಕಾಯಿ ಆಗಿತ್ತು."

ಅವಳು ಒಂದೊಂದಾಗಿ ಹೇಳಿದಳು. ಪ್ರಭುದೇವ್ ಎರಡು ವರ್ಷದಿಂದ ಅದೇ ಕ್ಲಬ್ಬಿನ ಗೋಲ್ಡ್ ಮೆಂಬರು. ಕೊಳಾಲದ ಸ್ವಂತ ಮನೆಯಲ್ಲಿ ಭಾನುವಾರ ಬಂತೆಂದರೆ ನೆಂಟರಲ್ಲಿ ಒಬ್ಬರ ಬೀಗರೂಟ, ಇನ್ನೊಬ್ಬರ ಹರಕೆ. ಮನೆ ಯಜಮಾನನಿಗೆ ಮಲಗಲು ಚಾಪೆ ಸಿಗದು. ನಲ್ಲಿ ಕೆಟ್ಟರೂ ಅವನೇ, ಹಾವು ಬಂದರೂ ಅವನೇ. ಅದಕ್ಕೇ ಶನಿವಾರ ಗೋಡೌನ್ ಲೆಕ್ಕವೆಂದು ಹೇಳಿ ಇಬ್ಬರೂ ಯಾವುದಾದರೂ ರೆಸಾರ್ಟಿಗೆ ಬಂದುಬಿಡುತ್ತಾರೆ.

"ಯಾವಾಗ್ಲೂ ಎರಡು ರೂಮ್ ಹಿಡೀತಾರಂತೆ. ಅವ್ರ ಗೊರಕೆ ಇವ್ಳಿಗೆ ಆಗಲ್ಲ. ಇವತ್ತು ಒಂದು ಸಾಕು ಅಂತ ಬೆಳಿಗ್ಗೆ ಕ್ಯಾನ್ಸಲ್ ಮಾಡಿದ್ರಂತೆ. ಅದೇ ನಮ್ಗೆ ಸಿಕ್ಕಿದ್ದು!"

ಮೂರು ವರ್ಷದ ಬೇಸಿಗೆ, ದಸರಾ, ಆಷಾಢಗಳೆಲ್ಲ ಭೀಮರಾಜುವಿನ ಕಣ್ಣ ಮುಂದೆ ಸಾಲಾಗಿ ಬಂದವು. ಮೊದಲು ಸಿಟ್ಟು ಬಂತು. ಹಿಂದೆಯೇ ದೊಡ್ಡ ಸಂತೋಷ ಬಂತು. ಸಿಕ್ಕಿಬಿದ್ದ! ನಾಕು ಗೋಡೆಯ ಸಾಹುಕಾರ ಕಂಡವರ ಹಾಸಿಗೆಯಲ್ಲಿ ಸಿಕ್ಕಿಬಿದ್ದ!

"ಈಗ್ಲೇ ಅತ್ತೆಗೆ ಫೋನ್ ಮಾಡ್ತೀನಿ" ಎಂದ.

"ಅಯ್ಯೋ ಬ್ಯಾಡ್ರೀ! ನಾನು ಮಾತು ಕೊಟ್ಬುಟ್ಟಿದೀನಿ. ಯಾರ್ಗೂ ಹೇಳ್ದಿದ್ರೆ ಪ್ರತಿ ಶನಿವಾರ ಆ ಎರಡನೇ ರೂಮ್ ನಂಗೇ ಅಂತ ಹೇಳವ್ಳೆ. ಅಕ್ಕಾ, ನೀನೂ ಬಾ, ಇಬ್ರೂ ಜೊತೇಲಿರಾನ ಅಂದ್ಲು." ಒಂದು ಕ್ಷಣ ನಿಲ್ಲಿಸಿ ಮೆಲ್ಲಗೆ ಹೇಳಿದಳು, "ಮಧ್ಯಾಹ್ನದಿಂದ ನಾನು ಒಂದು ಲೋಟಾನೂ ತೊಳ್ದಿಲ್ಲ ಕಣ್ರಿ. ಕಾಲು ಚಾಚ್ಕಂಡು ಕೂತಿದೀನಿ. ಯಾರೋ ಜ್ಯೂಸ್ ತಂದ್ಕೊಟ್ರು."

ಭೀಮರಾಜುವಿನ ಸಿಟ್ಟೂ ಸಂತೋಷವೂ ಎರಡೂ ಕರಗಿಹೋದವು. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಅವಳು ಹೀಗೆ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. "ಆಯ್ತು ಬುಡು, ಹೇಳಲ್ಲ" ಎಂದ.

ಅವಳು ಫೋನ್ ಇಟ್ಟ ಕೂಡಲೇ ಇನ್ನೊಂದು ಕರೆ. ಅತ್ತೆ ಪಟಾಲಮ್ಮ. ಭೀಮರಾಜು ಎದ್ದು ನಿಂತೇ ಫೋನ್ ಎತ್ತಿದ.

"ಅಳಿಯಂದ್ರೇ, ನಾನು ಪಾಪಿ. ಚಿಕ್ಕಲಕ್ಷ್ಮಿ ಮಧ್ಯಾಹ್ನ ಫೋನ್ ಮಾಡಿ, ಗಂಡ ಹೆಂಡ್ರು ದೀಪ ಬುಟ್ಟು ಮಜಾ ಮಾಡಾಕೆ ಹೋದ್ರು ಅಂದ್ಲು. ಬಾಯಿಗೆ ಬಂದಂಗೆ ಬೈದ್ಬುಟ್ಟೆ ನಿಮ್ಮನ್ನ. ಈಗ ಶಂಕರಲಿಂಗಪ್ಪನ್ನ ಕೇಳಿದ್ರೆ, ಅಳಿಯಂದ್ರು ಎದ್ದೂ ಬಿದ್ದೂ ಓಡಿ ಬಂದು ದೀಪ ಹಚ್ಚಿದ್ರು ಅಂತಾನೆ!" ಆಕೆ ಮೂಗು ಸೀಟಿದ್ದು ಕೇಳಿಸಿತು. "ಸುಖಾನ ಅರ್ಧಕ್ಕೆ ಬುಟ್ಟು ಯಾರಪ್ಪ ಬರ್ತಾರೆ? ಆ ಪ್ರಭುದೇವ ಪಾಪ, ಶನಿವಾರ ಪೂರ್ತಿ ಗೋಡೌನಲ್ಲಿ ಮೈ ಮುರ್ಕಂತಾನೆ, ಅವ್ನಿಂದ ಆಗಲ್ಲ. ಅದಕ್ಕೇ ತೀರ್ಮಾನ ಮಾಡ್ಬುಟ್ಟೆ. ಇನ್ಮೇಲೆ ಪಾಳಿ ಗೀಳಿ ಬ್ಯಾಡ. ಪ್ರತಿ ಶನಿವಾರ ಆ ದೀಪ ನಿಮ್ದೇ. ಇಂಥ ಕೈಯಿಂದ್ಲೇ ಹತ್ತಬೇಕು ಅದು."

"ಅತ್ತೆ, ಗೋಡೌನಲ್ಲಿ..." ಎಂದ ಭೀಮರಾಜು. ಮುಂದಿನ ಮಾತು ನಾಲಿಗೆಯ ತುದಿಯವರೆಗೆ ಬಂದು, ಅಲ್ಲಿ ಕಾಲು ಚಾಚಿ ಕೂತಿದ್ದ ಗಂಗಾಂಬಿಕಾಳನ್ನು ಕಂಡು, ವಾಪಸ್ ಹೋಯಿತು. "ಗೋಡೌನಲ್ಲಿ ತುಂಬಾ ಕೆಲ್ಸ ಅತ್ತೆ, ಪಾಪ" ಎಂದ.

ಅವನು ಇನ್ನೂ ಫೋನ್ ಹಿಡಿದು ನಿಂತಿರುವಾಗಲೇ ಬಾಗಿಲಲ್ಲಿ ಶಂಕರಲಿಂಗಪ್ಪ ಕಾಣಿಸಿಕೊಂಡ. ಕೈಯಲ್ಲಿ ಹಾಟ್ ಬಾಕ್ಸ್, ಥಳಥಳ ತೊಳೆದದ್ದು. "ಖಾಲಿ ಪಾತ್ರೆ ವಾಪಸ್ ಕೊಡಬಾರ್ದಲ್ವಾ ಸ್ವಾಮಿ, ತುಂಬ್ಕಂಡು ಬಂದೆ" ಎಂದ.

ಭೀಮರಾಜುವಿಗೆ ಆ ಮುದುಕನ ಕಾಲಿಗೆ ಬೀಳುವ ಹಾಗಾಯಿತು. ಬೆಳಗಿನಿಂದ ಹಸಿದ ಕೈಯಿಂದ ಮುಚ್ಚಳ ತೆಗೆದ. ಒಳಗೆ ಅಂಚಿನವರೆಗೂ ರಾಗಿ ಹಿಟ್ಟು. ನುಣ್ಣಗೆ ಬೀಸಿದ, ಹಸಿ ರಾಗಿ ಹಿಟ್ಟು.

"ಈ ವರ್ಷದ್ದು, ನಮ್ಮ ಹೊಲದ್ದೇ" ಎಂದು ಶಂಕರಲಿಂಗಪ್ಪ ಗೋಡೆಗೊರಗಿ ಆರಾಮವಾಗಿ ಕೂತ. "ಅಡುಗೆಮನೇಲಿ ಗ್ಯಾಸ್ ಅದೆ, ಮುದ್ದೆ ಕೋಲೂ ಅದೆ. ತೊಳಸಿದ್ರೆ ನಂಗೂ ಒಂದು ಹಾಕಿ. ಮಧ್ಯಾಹ್ನದ ರುಚಿ ಇನ್ನೂ ನಾಲ್ಗೆ ಮೇಲದೆ."

ಹತ್ತು ನಿಮಿಷದ ಮೇಲೆ ಭೀಮರಾಜು ಷಡ್ಡಕನ ರಜಾ ಮನೆಯ ಒಲೆ ಮುಂದೆ ನಿಂತಿದ್ದ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಿದ್ದ. ಎಪ್ಪತ್ತು ಕಿಲೋಮೀಟರ್ ಆಚೆಯಿಂದ ಗಂಗಾಂಬಿಕಾ ಹೇಳಿಕೊಡುತ್ತಿದ್ದಳು.

"ಎಸರು ಕುದೀತಾ? ಈಗ ಹಿಟ್ಟು ಮಧ್ಯಕ್ಕೆ ಸುರೀರಿ. ಕೈ ಆಡಿಸ್ಬೇಡಿ. ಕುದೀಲಿ. ನಾನು ಹೇಳ್ದಾಗ ಒಂದೇ ಸಮ ತೊಳಸ್ಬೇಕು, ಇಲ್ಲಾಂದ್ರೆ ಗಂಟಾಗ್ತದೆ. ಹೇಳ್ತೀನಿ ಇರಿ... ಅಯ್ಯೋ, ಒಂದ್ನಿಮಿಷ ರೀ, ಯಾರೋ ಐಸ್ ಕ್ರೀಮ್ ತಂದವ್ರೆ..."

ಫೋನ್ ಕಟ್ಟಾಯಿತು. ಪಾತ್ರೆಯಲ್ಲಿ ಹಿಟ್ಟು ಬುಳಬುಳ ಎನ್ನತೊಡಗಿತು. ಭೀಮರಾಜು ದೇವರ ಮೇಲೆ ಭಾರ ಹಾಕಿ ಕೋಲು ಊರಿ ತಿರುವಿದ. ಆ ಹೊತ್ತಿಗೆ ಸರಿಯಾಗಿ ಫೋನಿಗೆ ಒಂದು ಮೆಸೇಜ್ ಬಂತು. ಹಿಟ್ಟು ಮೆತ್ತಿದ ಬೆರಳಿನಲ್ಲಿ ಒತ್ತಿ ನೋಡಿದ. ತಂಗಾಳಿ ಹಾಲಿಡೇ ಕ್ಲಬ್. ಮಾನ್ಯ ಸದಸ್ಯರೇ, ನಿಮ್ಮ ರಜೆ ಹೇಗಿದೆ? ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ?

"ಗಂಟಾಗಿರಂಗದೆ ಸ್ವಾಮಿ" ಎಂದ ಶಂಕರಲಿಂಗಪ್ಪ, ಹೊರಗಿನಿಂದಲೇ ವಾಸನೆ ನೋಡಿ. "ಪರವಾಗಿಲ್ಲ ಬುಡಿ. ಮುಂದಿನ ಶನಿವಾರದೊತ್ಗೆ ಕಲೀತೀರಿ."

ಭೀಮರಾಜು ಗಂಗಾಂಬಿಕಾಳ ಜ್ಯೂಸು, ಐಸ್ ಕ್ರೀಮು, ಚಾಚಿದ ಕಾಲುಗಳನ್ನು ನೆನೆದು ಐದೂ ನಕ್ಷತ್ರ ಒತ್ತಿದ. ಆಮೇಲೆ ಗಂಟು ಒಡೆಯಲು ಬಗ್ಗಿದ.